ಮಹಿಳಾ ಹಕ್ಕುಗಳು: ಸದಾಶಿವಗಡ, ಕಾರವಾರ, ಅಂಕೋಲಾ

ಕಾಳಿ ನದಿ ಅರಬ್ಬೀ ಸಮುದ್ರ ಸೇರುವಲ್ಲಿ, ಉತ್ತರ ದಂಡೆಯ ಗುಡ್ಡದ ಮೇಲೆ ಸದಾಶಿವಗಡವಿದೆ. ಸೋದೆಯ ಅರಸು ಮನೆತನದವರು 18ನೆಯ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಿದ ಕೋಟೆ ಇದು. ಇಲ್ಲಿಂದ ಉತ್ತರಕ್ಕೆ ಹೊರಟರೆ ಮಾಜಾಳಿ ದಾಟುತ್ತಿದ್ದಂತೆ ಗೋವಾ. ಎರಡೂ ಕಡೆ ಕೊಂಕಣಿ ಮಾತು, ಎರಡೂ ಕಡೆ ನೆಂಟಸ್ತಿಕೆ. ಆದರೆ ಹೆಣ್ಣುಮಗಳಿಗೆ ಸಿಗುವ ಆಸ್ತಿಯ ಪಾಲು ಮಾತ್ರ ನೂರು ವರ್ಷಕ್ಕೂ ಹೆಚ್ಚು ಕಾಲ ಎರಡೂ ಕಡೆ ಒಂದೇ ಆಗಿರಲಿಲ್ಲ. ಈ ಸೀಮೆಯ ಮಹಿಳಾ ಹಕ್ಕುಗಳ ಇತಿಹಾಸವನ್ನು ಆ ಗಡಿಯಿಂದಲೇ ಶುರುಮಾಡಬೇಕು.

1867ರ ಪೋರ್ಚುಗೀಸ್ ಸಿವಿಲ್ ಸಂಹಿತೆ 1870ರಲ್ಲಿ ಗೋವಾದಲ್ಲಿ ಜಾರಿಗೆ ಬಂತು. ಅದರಂತೆ ಮಗ, ಮಗಳಿಗೆ ಸಮಪಾಲು. ಬೇರೆ ಕರಾರು ಇಲ್ಲದಿದ್ದರೆ ಗಂಡ-ಹೆಂಡತಿಯ ಆಸ್ತಿ ಜಂಟಿಯಾಗಿರುತ್ತಿತ್ತು, ಅದರಲ್ಲಿ ಅರ್ಧ ಹೆಂಡತಿಯದು. ಹಾಗೆಂದು ಅದನ್ನು ಪೂರ್ಣ ಸಮಾನತೆ ಎನ್ನಲಾಗದು. ಹಿಂದೂಗಳಿಗಾಗಿ 1880ರಲ್ಲಿ ಹೊರಡಿಸಿದ ರೂಢಿ ಸಂಹಿತೆ, ಗಂಡುಸಂತಾನ ಇಲ್ಲವೆಂಬಂಥ ಕಾರಣಕ್ಕೆ ಗಂಡ ಎರಡನೆಯ ಮದುವೆಯಾಗಲು ದಾರಿ ಬಿಟ್ಟಿತ್ತು. ಆದರೂ ಗಂಡುಮಕ್ಕಳಿರುವ ಮನೆಯಲ್ಲಿ ಮಗಳಿಗೆ ತವರಿನ ಆಸ್ತಿಯಲ್ಲಿ ಹಕ್ಕಿನ ಪಾಲು ಎಂಬ ಮಾತು, ಮಿತಾಕ್ಷರವೆಂಬ ಹಿಂದೂ ಉತ್ತರಾಧಿಕಾರ ಪದ್ಧತಿ ಪಾಲಿಸುತ್ತಿದ್ದ ಗಡಿಯ ಈಚೆಯ ಕುಟುಂಬಗಳಲ್ಲಿ ಇರಲೇ ಇಲ್ಲ.

ಗಡಿಯ ಈಚೆಯ ಕಾನೂನು ಬಂದದ್ದು ಬೊಂಬಾಯಿಯಿಂದ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೇರ್ಪಡಿಸಿ ಬೊಂಬಾಯಿ ಪ್ರಾಂತಕ್ಕೆ ಸೇರಿಸಲಾಯಿತು. 1956ರ ನವೆಂಬರ್ 1ರವರೆಗೂ ಜಿಲ್ಲೆ ಅಲ್ಲೇ ಇತ್ತು. ಕರ್ನಾಟಕದ ಮಹಿಳಾ ಇತಿಹಾಸವನ್ನು ಮೈಸೂರಿನ ಕಣ್ಣಿಂದಲೇ ನೋಡುವ ರೂಢಿ ಬಲವಾಗಿರುವುದರಿಂದ ಈ ಸಂಗತಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಮೈಸೂರಿನ 1933ರ ಹಿಂದೂ ಮಹಿಳಾ ಹಕ್ಕುಗಳ ಕಾಯ್ದೆ ಕಾರವಾರಕ್ಕೆ ಅನ್ವಯಿಸುತ್ತಿರಲಿಲ್ಲ. ಇಲ್ಲಿನ ವಿಧವೆಯರು 1937ರ ಕೇಂದ್ರ ಕಾಯ್ದೆಗೆ ಕಾಯಬೇಕಾಯಿತು, ಅದು ಕೊಟ್ಟದ್ದೂ ಜೀವಿತಾವಧಿಯ ಹಕ್ಕು ಮಾತ್ರ. ಮದುವೆಯ ವಿಷಯದಲ್ಲಿ ಬೊಂಬಾಯಿ ಮುಂದಿತ್ತು. 1934ರ ದೇವದಾಸಿ ರಕ್ಷಣಾ ಕಾಯ್ದೆ ದೇವಸ್ಥಾನಕ್ಕೆ ಹೆಣ್ಣುಮಕ್ಕಳನ್ನು ಬಿಡುವುದನ್ನು ನಿಷೇಧಿಸಿತು, ಹಾಗೆ ಬಿಟ್ಟ ಹೆಣ್ಣಿನ ಮದುವೆ ಊರ್ಜಿತವೆಂದು ಸಾರಿತು. 1946ರಲ್ಲಿ ಹಿಂದೂ ಗಂಡಸು ಎರಡನೆಯ ಹೆಂಡತಿಯನ್ನು ತರುವುದು ಅಪರಾಧವಾಯಿತು. 1947ರಲ್ಲಿ ವಿಚ್ಛೇದನದ ಹಕ್ಕು ಬಂತು. ಕೇಂದ್ರದ ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ಅಂಕೋಲೆಯ ಹೆಣ್ಣಿಗೆ ಅದಕ್ಕಿಂತ ಎಂಟು ವರ್ಷ ಮೊದಲೇ ಕೋರ್ಟಿನ ಬಾಗಿಲು ತೆರೆದಿತ್ತು. ಆ ಬಾಗಿಲವರೆಗೆ ಹೋಗುವಷ್ಟು ಅಕ್ಷರ, ಹಣ, ತವರಿನ ಬೆಂಬಲ ಇದ್ದವರು ಎಷ್ಟು ಮಂದಿ ಎಂಬುದು ಬೇರೆ ಪ್ರಶ್ನೆ.  

ಕಾಯ್ದೆಗಳ ಆಚೆ, ಬೀದಿಗಿಳಿದ ಹೆಣ್ಣುಮಕ್ಕಳ ಕತೆ ಬೇರೆಯೇ ಇದೆ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಆಮೇಲಿನ ಕರನಿರಾಕರಣೆಯಲ್ಲಿ ಅಂಕೋಲಾ, ಸಿದ್ದಾಪುರ ತಾಲೂಕುಗಳ ಮನೆ, ಜಮೀನು, ದನಕರು ಜಪ್ತಿಯಾದವು. ಗಂಡಸರು ಜೈಲಿನಲ್ಲಿದ್ದಾಗ ಮಕ್ಕಳನ್ನು ಕಟ್ಟಿಕೊಂಡು ಬೀದಿಯಲ್ಲಿ ನಿಂತವರು ಹೆಂಗಸರು. ಸಿದ್ದಾಪುರದ ಮಾವಿನಗುಂಡಿಯಲ್ಲಿ, ಹರಾಜಾದ ಆಸ್ತಿ ಕೊಂಡವರ ಮನೆಮುಂದೆ ಅವರು ಉಪವಾಸ ಕೂತರು. ಆಸ್ತಿಯ ಕಾಗದದಲ್ಲಿ ಹೆಸರೇ ಇಲ್ಲದವರು ಆ ಆಸ್ತಿಗಾಗಿ ಅನ್ನ ಬಿಟ್ಟಿದ್ದರು ಎಂಬುದನ್ನು ಇತಿಹಾಸಕಾರರು ಒತ್ತಿ ಹೇಳಬೇಕಿತ್ತು. ರೈತ ಮುಖಂಡ ದಿನಕರ ದೇಸಾಯಿಯವರ ರೈತಕೂಟದ ಹೋರಾಟದಿಂದ ಹಿಡಿದು 1974ರ ಭೂಸುಧಾರಣೆಯವರೆಗೂ ಇದೇ ಪಾಡು. ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಸೊಂಟ ಬಗ್ಗಿಸಿ ದುಡಿದವಳು ಹೆಣ್ಣು, ಗೇಣಿದಾರನೆಂದು ಅರ್ಜಿ ಹಾಕಿ ಪಹಣಿಯಲ್ಲಿ ಹೆಸರು ಹತ್ತಿಸಿಕೊಂಡವನು ಸಾಮಾನ್ಯವಾಗಿ ಮನೆಯ ಯಜಮಾನ.

ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಪಾಲು ಕೊಡುವಂತೆ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಯಾಯಿತು. ಅದಕ್ಕೂ ಮೊದಲೇ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಅಡ್ಡಿ ತೆಗೆಯಿತು. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೇ ಎಂಬ ಗೊಂದಲವನ್ನು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದ ತೀರ್ಪು ಬಗೆಹರಿಸಿತು. 2019ರ ಇನ್ನೊಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಗೋವಾ ನಿವಾಸಿಯ ಆಸ್ತಿ ಭಾರತದಲ್ಲಿ ಎಲ್ಲೇ ಇರಲಿ, ಅದರ ಉತ್ತರಾಧಿಕಾರಕ್ಕೆ ಪೋರ್ಚುಗೀಸ್ ಸಂಹಿತೆಯೇ ಅನ್ವಯ ಎಂದಿತು. ಹೀಗಾಗಿ ಸದಾಶಿವಗಡದ ಎರಡು ಅಕ್ಕಪಕ್ಕದ ಹಿತ್ತಲುಗಳಿಗೆ ಇಂದಿಗೂ ಎರಡು ಕಾನೂನು ಇರಲು ಸಾಧ್ಯ. ಅಣ್ಣತಮ್ಮಂದಿರ ಮುಲಾಜಿಗೆ ಬಿದ್ದು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರನ್ನು ಈ ಯಾವ ತೀರ್ಪೂ ತಡೆದಿಲ್ಲ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಹಾಕಿದ ಆ ಸಹಿಯನ್ನು ಔದಾರ್ಯವೆಂದು ಹೊಗಳುವುದು ಅನ್ಯಾಯ.

ಆಸ್ತಿಯ ಪಾಲಿನಿಂದ ಅಧಿಕಾರದ ಪಾಲಿಗೆ ಬಂದರೆ, ಪಂಚಾಯತಿಯಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕ 1983ರ ಕಾಯ್ದೆಯಲ್ಲೇ ಶೇ 25 ಸ್ಥಾನ ಮೀಸಲಿಟ್ಟಿತು. ಸಂವಿಧಾನದ 73ನೆಯ ತಿದ್ದುಪಡಿ ಅದನ್ನು ಮೂರನೆಯ ಒಂದು ಭಾಗಕ್ಕೂ, 2010ರ ರಾಜ್ಯ ತಿದ್ದುಪಡಿ ಅರ್ಧಕ್ಕೂ ಏರಿಸಿತು. ಕೇಂದ್ರದಲ್ಲಿ ಮಹಿಳಾ ಅಭಿವೃದ್ಧಿ ಖಾತೆ ನೋಡಿಕೊಂಡಿದ್ದ, ಪಂಚಾಯತಿ ಮೀಸಲಾತಿಗೆ ಒತ್ತಾಸೆಯಾದ ಮಾರ್ಗರೆಟ್ ಆಳ್ವ 1999ರಲ್ಲಿ ಈ ಜಿಲ್ಲೆಯಿಂದಲೇ ಲೋಕಸಭೆಗೆ ಆರಿಸಿ ಹೋದರು.

ಅಂಕೋಲೆಯ ಹಾಲಕ್ಕಿ ಒಕ್ಕಲಿಗ ಹೆಂಗಸರಿಬ್ಬರು ಈ ಇತಿಹಾಸಕ್ಕೆ ತಮ್ಮದೇ ರೀತಿಯಲ್ಲಿ ಸೇರಿದ್ದಾರೆ. ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ನಾಡು ಹಾಡುಗಾರ್ತಿಯಾಗಿ ಗುರುತಿಸಿತು. 2017ರಲ್ಲಿ ಪದ್ಮಶ್ರೀ ಬಂತು. ತನ್ನೂರಿನವರ ಪಾಲಿಗೆ ಸುಕ್ರಜ್ಜಿ ಸಾರಾಯಿ ವಿರುದ್ಧ ಎದ್ದುನಿಂತ ಹೆಂಗಸು. ಸಾಕುಮಗನನ್ನು ಕುಡಿತಕ್ಕೆ ಕಳೆದುಕೊಂಡ ಆಕೆ 1990ರ ದಶಕದಲ್ಲಿ ಕೇರಿಯ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ಮಾರಾಟಕ್ಕೆ ಅಡ್ಡ ನಿಂತರು. ಮನೆಯೊಳಗಿನ ಹೊಡೆತ, ಕೂಲಿ ಹಣದ ಸೋರಿಕೆ ಊರಿನ ಪ್ರಶ್ನೆಯಾದದ್ದು ಹಾಗೆ. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರಲ್ಲಿ. ಆಕೆ ತೀರಿಕೊಂಡದ್ದು 2025ರ ಫೆಬ್ರವರಿಯಲ್ಲಿ. ಹೊನ್ನಳ್ಳಿಯ ತುಳಸಿ ಗೌಡ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಯಾಗಿ ಸಸಿ ಬೆಳೆಸಿದ ಮೇಲೆಯೇ ಕಾಯಂ ಆದವರು. ಅವರಿಗೂ ಪದ್ಮಶ್ರೀ ಬಂತು. 2024ರ ಡಿಸೆಂಬರಿನಲ್ಲಿ ನಿಧನರಾದರು. ಅವರ ಗಿಡಗಳ ಬಗ್ಗೆ ಬರೆದವರು ಅಷ್ಟು ವರ್ಷಗಳ ದಿನಗೂಲಿಯ ಬಗ್ಗೆಯೂ ಬರೆಯಬೇಕು.

ಮೀನುಗಾರ ಹೆಂಗಸರ ಹಕ್ಕಿನ ಪ್ರಶ್ನೆ ಇನ್ನೂ ಹಸಿಯಾಗಿದೆ. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆಯ ಹಳ್ಳಿಗಳು ಎದ್ದುಹೋದವು. ಇಂಥ ಯೋಜನೆಗಳಲ್ಲಿ ಪರಿಹಾರ ಕಾಗದ ಇದ್ದವರನ್ನು ಹುಡುಕಿಕೊಂಡು ಹೋಗುತ್ತದೆ. ದೋಣಿ, ಬಲೆ, ಜಾಗ ಹೆಚ್ಚಾಗಿ ಗಂಡಸರ ಹೆಸರಿನಲ್ಲಿರುವಾಗ, ಮೀನು ಒಣಗಿಸಿ, ಬುಟ್ಟಿ ಹೊತ್ತು ಮಾರುವವಳ ದಂಧೆಗೆ ಲೆಕ್ಕವಿರುವುದಿಲ್ಲ. 2020ರ ಜನವರಿಯಲ್ಲಿ ಕಾರವಾರ ಬಂದರಿನ ವಿಸ್ತರಣೆ ಟ್ಯಾಗೋರ್ ಕಡಲತೀರದತ್ತ ಬಂದಾಗ ಪ್ರತಿಭಟನೆಯ ಮುಂಚೂಣಿಯಲ್ಲಿದ್ದವರು ಈ ಹೆಂಗಸರೇ. ಹೈಕೋರ್ಟ್ ಕಾಮಗಾರಿಗೆ ತಡೆ ನೀಡಿತು. ಅಂಕೋಲೆಯ ಕೇಣಿಯಲ್ಲಿ ಹೊಸ ಬಂದರಿನ ವಿರುದ್ಧ 2025ರಲ್ಲಿ ಮೀನುಗಾರ ಹೆಂಗಸರು ಮತ್ತೆ ದಂಡೆಗೆ ಬಂದರು.