ಚಾ, ಕಾಫಿ ಮತ್ತು ಕುರ್ಚಿ: ಹೊರಗ ಹೋಗಿ ಬಂದವರು ಕಟ್ಟಿದ ಕೆಫೆಗಳ ಕಥಿ

(1/8)
ದುಬೈ, ರಿಯಾದ್, ಲಂಡನ್, ಎಲ್ಲಿಂದ ವಾಪಸ್ ಬಂದರೂ ನಮ್ಮೂರ ಮಂದಿ ಎರಡನೇ ದಿನಕ್ಕ ಒಂದು ಪ್ರಶ್ನೆ ಕೇಳೇ ಕೇಳ್ತಾರ: “ಕುಂತು ಮಾತಾಡ್ಲಿಕ್ಕ ಛಲೋ ಕೆಫೆ ಎಲ್ಲದ?” ಈಗ ಕಲಬುರಗಿಯಾಗ ಸೇಡಂ ರಸ್ತೆ, ಸ್ಟೇಷನ್ ರಸ್ತೆ ಕಡೆ ತೋರಿಸ್ಲಿಕ್ಕ ಜಾಗ ಅವ. ಹಳದಿ ದೀಪ, ಗೋಡೆ ಮ್ಯಾಲ ಪ್ಲಾಸ್ಟಿಕ್ ಬಳ್ಳಿ, ಫೋಟೊ ತೆಗೆಯೋಕಂತ ಒಂದು ಮೂಲೆ. “ನೋಡು, ನಮ್ಮೂರೂ ಫಾರಿನ್ ಆಗ್ಯಾದ” ಅಂತ ನಗ್ತೀವಿ.

ಆದರೆ ಕಲಬುರಗಿ ಫಾರಿನ್ ಆಗಿದ್ದು ಈಗಲ್ಲ. ನಾವು ಕುಡಿಯುವ ಕಪ್ಪಿನ ಹಿಂದೆ ದೇಶ ಬಿಟ್ಟು ಹೋಗಿ ಮನೆಗೆ ಮರಳಿದ ಯಾರೋ ಒಬ್ಬರು ಇರುತ್ತಾರೆ. ಇಲ್ಲಾಂದರೆ ತಮ್ಮ ಮನೆ ಬಿಟ್ಟು ನಮ್ಮಲ್ಲಿಗೆ ಬಂದವರು ಇರುತ್ತಾರೆ. ಈ ಎಂಟು ಪೋಸ್ಟ್ ಅವರ ಬಗ್ಗೆ. ಜೊತೆಗೆ ಇನ್ನೊಂದು ಪ್ರಶ್ನೆ: ಆ ಕುರ್ಚಿ ಮೇಲೆ ಕೂರುವ ಹಕ್ಕು ಯಾರಿಗಿತ್ತು? ಸೇವ್ ಮಾಡಿ ಇಟ್ಕೊಳ್ರಿ, ಪುರಸೊತ್ತಾಗಿ ಓದ್ರಿ.

(2/8)
ಮೊದಲನೆಯವರು ಬಾಬಾ ಬುಡನ್. 17ನೇ ಶತಮಾನದಲ್ಲಿ ಮೆಕ್ಕಾ ಯಾತ್ರೆಗೆ ಹೋದ ಸೂಫಿ ಸಂತ, ಬರುವಾಗ ಯೆಮೆನ್‌ನ ಮೋಕಾ ಬಂದರಿನಿಂದ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರು ಅನ್ನೋದು ಎಲ್ಲರಿಗೂ ಗೊತ್ತಿರೋ ಪ್ರತೀತಿ. ಏಳೇ ಬೀಜ ಯಾಕೆ ಅಂತ ಕೇಳಿದರೆ ಉತ್ತರ ಕಾಮರ್ಸ್‌ನಲ್ಲಿದೆ. ಆಗ ಕಾಫಿ ವ್ಯಾಪಾರ ಯೆಮೆನ್ ಬಂದರುಗಳ ಕೈಯಲ್ಲಿತ್ತು. ಮೊಳಕೆ ಬರುವ ಬೀಜ ಹೊರಗೆ ಹೋದರೆ ಏಕಸ್ವಾಮ್ಯ ಮುಗಿದಂತೆ. ಅದಕ್ಕೇ ಹುರಿದ ಇಲ್ಲವೇ ಬೇಯಿಸಿದ ಬೀಜ ಮಾತ್ರ ಮಾರುತ್ತಿದ್ದರಂತೆ. ನಾವು ಮೊದಲ ವರ್ಷ ಓದಿದ ‘ಮೊನಾಪೊಲಿ’ ಪಾಠ ಇದೇ ನೋಡ್ರಿ.

ಹೆಸರೂ ಹಂಗೇ ದಾಟಿ ಬಂತು. ಅರಬರ ‘ಕಹ್ವಾ’ ತುರ್ಕರ ಬಾಯಲ್ಲಿ ‘ಕಹ್ವೆ’ ಆಯಿತು, ಫ್ರೆಂಚರಲ್ಲಿ ‘ಕೆಫೆ’ ಆಯಿತು, ನಮ್ಮಲ್ಲಿ ‘ಕಾಫಿ’ ಆಯಿತು. ಫ್ರೆಂಚಿನಲ್ಲಿ ಕುಡಿಯೋದಕ್ಕೂ ಕುಡಿಯೋ ಜಾಗಕ್ಕೂ ಒಂದೇ ಹೆಸರು.

(3/8)
ಈಗ ಬಿಕಾಂನವರಿಗಾಗಿ ಸಣ್ಣ ಬ್ರೇಕ್. ಲಂಡನ್ನಿನ ಮೊದಲ ಕಾಫಿ ಹೌಸ್ ಶುರುವಾಗಿದ್ದು 1652ರಲ್ಲಿ. ಅದರ ಹಿಂದೆಯೂ ಹೊರಗೆ ಹೋಗಿ ಬಂದವನೇ ಇದ್ದ. ತುರ್ಕರ ಸ್ಮಿರ್ನಾದಲ್ಲಿ ವ್ಯಾಪಾರ ಮಾಡಿ ಕಾಫಿ ಚಟ ಹತ್ತಿಸಿಕೊಂಡು ಮರಳಿದ ಇಂಗ್ಲಿಷ್ ವ್ಯಾಪಾರಿ ಅವನು. ಅಂಗಡಿ ನಡೆಸಿದವನು ಅವನ ಜೊತೆ ಬಂದ ಸೇವಕ ಪಾಸ್ಕ್ವಾ ರೋಸೆ. ಇಂಥ ಜಾಗಗಳಲ್ಲಿ ಒಂದು ಪೆನ್ನಿ ಕೊಟ್ಟರೆ ಕಾಫಿ, ಸುದ್ದಿ, ವಾದ ಮೂರೂ ಸಿಗುತ್ತಿತ್ತು.

1680ರ ದಶಕದಲ್ಲಿ ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಹೌಸ್‌ಗೆ ಹಡಗಿನವರು, ಹಡಗಿಗೆ ವಿಮೆ ಕೊಡುವವರು ಬಂದು ಕೂರುತ್ತಿದ್ದರು. ಇವತ್ತಿನ ಲಾಯ್ಡ್ಸ್ ವಿಮಾ ಮಾರುಕಟ್ಟೆ ಹುಟ್ಟಿದ್ದು ಆ ಟೇಬಲ್ ಮೇಲೆ. ಜೋನಾಥನ್ಸ್ ಎಂಬ ಇನ್ನೊಂದು ಕಾಫಿ ಹೌಸ್‌ನಲ್ಲಿ 1698ರಲ್ಲಿ ಷೇರು ದರದ ಪಟ್ಟಿ ಹೊರಬಂತು, ಲಂಡನ್ ಸ್ಟಾಕ್ ಎಕ್ಸ್‌ಚೇಂಜ್‌ನ ಬೇರು ಅಲ್ಲಿದೆ. ಮಂದಿ ಕುಂತು ಮಾತಾಡೋದು ಎಷ್ಟು ಜೋರಾಯಿತು ಅಂದರೆ ರಾಜ ಎರಡನೇ ಚಾರ್ಲ್ಸ್ 1675ರ ಕೊನೆಗೆ ಕಾಫಿ ಹೌಸ್‌ಗಳನ್ನೇ ನಿಷೇಧಿಸಿದ. ಗಲಾಟೆ ನೋಡಿ ಕೆಲವೇ ದಿನಗಳಲ್ಲಿ ವಾಪಸ್ ತಗೊಂಡ. “ಕೆಫೆದಾಗ ಟೈಂಪಾಸ್ ಮಾಡ್ತೀರಿ” ಅಂತ ಮನ್ಯಾಗ ಬೈದ್ರ ಈ ಪೋಸ್ಟ್ ತೋರಿಸ್ರಿ.

ಆದರೆ ಒಂದು ಮಾತು ನೆನಪಿಡಿ. ಅಲ್ಲಿ ಗಿರಾಕಿಗಳಾಗಿ ಕೂರುತ್ತಿದ್ದವರು ಗಂಡಸರು. ಆರನೇ ಪೋಸ್ಟ್‌ನಲ್ಲಿ ಇದಕ್ಕೆ ಮತ್ತೆ ಬರ್ತೀನಿ.

(4/8)
ಇನ್ನು ನಮ್ಮ ಚಾ. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ ನೋಡಿದ್ದೀರಲ್ಲ? ತೆರೆದ ಅಂಗಳವಿಲ್ಲದೆ ಇಡೀ ಮಸೀದಿಗೇ ಸೂರು ಇರುವ ಅಪರೂಪದ ಕಟ್ಟಡ. 1367ರ ಆ ಮಸೀದಿ ಕಟ್ಟಿದವನು ರಫಿ, ಇರಾನಿನ ಕಜ್ವಿನ್ ಊರಿನವನು. ಬಹಮನಿಗಳ ಕಾಲದಲ್ಲಿ ಪರ್ಷಿಯಾದಿಂದ ಸೈನಿಕರು, ಕವಿಗಳು, ವ್ಯಾಪಾರಿಗಳು ಇಲ್ಲಿಗೆ ಬರುತ್ತಿದ್ದರು. ಅಂದರೆ ಇರಾನಿ ಚಾ ಬರೋಕೂ ಶತಮಾನಗಳ ಮೊದಲೇ ಇರಾನಿಗಳು ನಮ್ಮೂರಿಗೆ ಬಂದಿದ್ದರು.

ತಮಾಷೆ ಏನಂದ್ರ, ಆಗ ಅವರ ಕೈಯಾಗ ಚಾ ಇರಲಿಲ್ಲ. ಇರಾನಿನಲ್ಲಿ ಮೊದಲು ನಡೆದದ್ದು ಕಾಫಿ. ಇವತ್ತಿಗೂ ಅಲ್ಲಿ ಸಾಂಪ್ರದಾಯಿಕ ಚಹಾದಂಗಡಿಗೆ ‘ಕಹವೆಖಾನೆ’, ಅಂದರೆ ಕಾಫಿ ಮನೆ ಅಂತಲೇ ಹೆಸರು! ಇರಾನಿನಲ್ಲಿ ಚಹಾ ಬೆಳೆ ಶುರುಮಾಡಿದ ಕಾಶಿಫ್ ಅಲ್ ಸಲ್ತನೆ ಭಾರತದಲ್ಲಿ ಆ ದೇಶದ ಕಾನ್ಸುಲ್ ಆಗಿದ್ದವನು. ಬ್ರಿಟಿಷರು ಬಿಟ್ಟುಕೊಡದ ಬೇಸಾಯದ ಗುಟ್ಟನ್ನು ಇಲ್ಲಿ ಕಲಿತು, 1900ರ ಆಸುಪಾಸಿನಲ್ಲಿ ಕಾಂಗ್ರಾದಿಂದ ಸುಮಾರು 3000 ಸಸಿ ಒಯ್ದು ತನ್ನ ದೇಶದ ಲಾಹಿಜಾನ್‌ನಲ್ಲಿ ನೆಟ್ಟ. ಬಾಬಾ ಬುಡನ್ ಕಥೆಯನ್ನು ತಿರುಗಿಸಿ ಹಾಕಿದಂತಿದೆ, ಅಲ್ವಾ?

ಹೆಚ್ಚು ಕಡಿಮೆ ಅದೇ ಕಾಲಕ್ಕೆ ಯಾಜ್ದ್, ಕೆರ್ಮಾನ್ ಕಡೆಯ ಬಡ ಇರಾನಿಗಳು ಮುಂಬೈ, ಪುಣೆ, ಹೈದರಾಬಾದಿಗೆ ಬಂದು ಹೋಟೆಲ್ ಇಟ್ಟರು. ಅವರ ದೇಶದಲ್ಲಿ ಹಾಲಿಲ್ಲದ ಚಾ. ಇಲ್ಲಿ ಡಿಕಾಕ್ಷನ್ ಒಂದು ಪಾತ್ರೆಯಲ್ಲಿ ಮುಚ್ಚಿ ದಮ್ ಕಟ್ಟಿ, ಇನ್ನೊಂದರಲ್ಲಿ ಹಾಲು ಗಟ್ಟಿಯಾಗುವವರೆಗೆ ಕಾಯಿಸಿ, ಕಪ್ಪಿನಲ್ಲಿ ಎರಡನ್ನೂ ಕೂಡಿಸಿದರು. ‘ಇರಾನಿ ಚಾ’ ಅಂತ ನಾವು ಕರೆಯೋದು ಇರಾನಿನಲ್ಲಿ ಇಲ್ಲ, ಅದು ದಖ್ಖನಿನದು. ಪಕ್ಕದಲ್ಲಿ ಇಡೋ ಉಸ್ಮಾನಿಯಾ ಬಿಸ್ಕಿಟ್‌ಗೆ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ಹೆಸರು. ಕಲಬುರಗಿ 1948ರವರೆಗೆ ಅದೇ ನಿಜಾಮನ ರಾಜ್ಯದಲ್ಲಿತ್ತು. ಬೆಂಗಳೂರಿನವರು ‘ಟೀ’ ಅಂದರೆ ನಾವು ‘ಚಾ’ ಅನ್ನೋದು, ಪರ್ಷಿಯನ್ನರು ‘ಚಾಯ್’ ಅನ್ನೋದು ಒಂದೇ ಕುಟುಂಬದ ಮಾತು.

(5/8)
ಹೈದರಾಬಾದಿನ ರುಚಿ ಇಲ್ಲಿಗೆ ಮುಟ್ಟೋಕೆ ದಾರಿ ಬೇಕಲ್ಲ? 1871ಕ್ಕೆ ಮುಂಬೈ ಕಡೆಯ ರೈಲು ಮಾರ್ಗ ಸೋಲಾಪುರ, ಕಲಬುರಗಿ ದಾಟಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದ್‌ಗೆ ನಿಜಾಮನ ರೈಲು ಬಂತು. 19ನೇ ಶತಮಾನದ ಕೊನೆಗೆ ಮೆಹಬೂಬ್ ಶಾಹಿ ಮಿಲ್ ಬಂತು. ಅದೇ ನಮ್ಮ ಎಂಎಸ್‌ಕೆ ಮಿಲ್. ಆರನೇ ನಿಜಾಮ ಮೆಹಬೂಬ್ ಅಲಿ ಖಾನನ ಹೆಸರು ಇವತ್ತು ಆಟೊದವರ ಬಾಯಲ್ಲಿ ಮೂರಕ್ಷರವಾಗಿ ಉಳಿದಿದೆ.

ರೈಲು ನಿಲ್ದಾಣ, ಕಾರ್ಖಾನೆ. ಚಹಾ ಕಂಪನಿಗಳು ದೇಶದೊಳಗೆ ಗಿರಾಕಿ ಹುಡುಕಿದ್ದೂ ಇವೆರಡೇ ಜಾಗದಲ್ಲಿ. ಅಲ್ಲಿಯವರೆಗೆ ಅಸ್ಸಾಮಿನ ಚಹಾ ಬಹುತೇಕ ಹೊರದೇಶಕ್ಕೆ ಹೋಗುತ್ತಿತ್ತು. 1903ರ ಟೀ ಸೆಸ್ ಕಾಯ್ದೆಯಿಂದ ರಫ್ತಿನ ಮೇಲೆ ಸುಂಕ ಹಾಕಿ, ಆ ದುಡ್ಡಲ್ಲಿ ಪ್ರಚಾರ ನಡೆಸಿದರು. ಸ್ಟೇಷನ್‌ಗಳಲ್ಲಿ ಚಹಾ ಮಾಡುವ ವಿಧಾನದ ಬೋರ್ಡ್ ನಿಲ್ಲಿಸಿದರು, ಕಾರ್ಖಾನೆಗಳಲ್ಲಿ ಚಹಾ ವಿರಾಮ ಕೊಡಿಸಿದರು. ಆದರೆ ಮಾರೋ ಹುಡುಗರು ಬೋರ್ಡ್ ಓದಲಿಲ್ಲ. ಪುಡಿ ತುಟ್ಟಿ, ಅದಕ್ಕೆ ಪುಡಿ ಕಡಿಮೆ ಹಾಕಿ, ಹಾಲು, ಸಕ್ಕರೆ, ಶುಂಠಿ ಜಾಸ್ತಿ ಹಾಕಿ ಕುದಿಸಿದರು. ಕಂಪನಿಯವರಿಗೆ ಸಿಟ್ಟು, ಯಾಕಂದ್ರ ಪುಡಿ ಖರ್ಚಾಗ್ತಿರಲಿಲ್ಲ. ಕೊನೆಗೆ ಗೆದ್ದದ್ದು ಕಂಪನಿ ಅಲ್ಲ, ಕುದಿಸಿದವರು.

(6/8)
ಈಗ ಕುರ್ಚಿ ಮಾತು. ಇದು ಸ್ವಲ್ಪ ಕಹಿ, ಆದರೂ ಓದ್ರಿ.

ನಮ್ಮ ಊರುಗಳ ಹಳೇ ಹೋಟೆಲ್‌ಗಳಲ್ಲಿ ಎಲ್ಲರೂ ಒಂದೇ ಬೆಂಚಿನಲ್ಲಿ ಕೂರುವಂತಿರಲಿಲ್ಲ. ಕೆಲವು ಕಡೆ ಬ್ರಾಹ್ಮಣರಿಗೆ ಒಳಗೆ ಬೇರೆ ಕೋಣೆ. ದಲಿತರಿಗೆ ಹೊರಗೆ, ಬೇರೆ ಲೋಟ, ಕುಡಿದ ಮೇಲೆ ತಾವೇ ತೊಳೆದಿಡಬೇಕು. ಸಂವಿಧಾನ ಬರೆದವರಿಗೆ ಇದು ಎಷ್ಟು ಚೆನ್ನಾಗಿ ಗೊತ್ತಿತ್ತು ಅಂದರೆ, ಮೂಲಭೂತ ಹಕ್ಕುಗಳಲ್ಲಿ 15(2)ನೇ ವಿಧಿ ಅಂಗಡಿ, ಸಾರ್ವಜನಿಕ ರೆಸ್ಟೋರೆಂಟ್, ಹೋಟೆಲ್ ಅಂತ ಹೆಸರಿಟ್ಟೇ ಹೇಳುತ್ತದೆ: ಧರ್ಮ, ಜಾತಿ, ಲಿಂಗದ ಕಾರಣಕ್ಕೆ ಯಾರನ್ನೂ ಅಲ್ಲಿ ತಡೆಯುವಂತಿಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೋಟೆಲಿನ ಪಾತ್ರೆ ಬಳಸದಂತೆ ತಡೆದರೂ ಅಪರಾಧ ಅಂದಿತು. ಒಂದು ಲೋಟ ಚಾ ಸಲುವಾಗಿ ದೇಶ ಕಾನೂನು ಬರೀಬೇಕಾಯ್ತು. ಹೋಟೆಲಿನ ಬೆಂಚು ಸಣ್ಣ ವಿಷಯ ಅಲ್ಲ.

15(2)ರಲ್ಲಿ ‘ಲಿಂಗ’ ಅನ್ನೋ ಪದವೂ ಇದೆ. ಆದರೆ ಬಸ್ ಸ್ಟ್ಯಾಂಡ್ ಹತ್ತಿರದ ಚಾದಂಗಡಿ ಬೆಂಚಿನ ಮೇಲೆ ನಮ್ಮ ವಯಸ್ಸಿನ ಹುಡುಗಿಯರು ಕುಂತಿದ್ದು ಎಷ್ಟು ಸಲ ನೋಡಿದ್ದೀರಿ? ಕಾನೂನು ತಡೆಯಲ್ಲ, ನೋಟ ತಡೀತದ. ಹಳೇ ಹೋಟೆಲ್‌ಗಳಲ್ಲಿ ‘ಫ್ಯಾಮಿಲಿ ರೂಂ’ ಅಂತ ಪರದೆ ಹಿಂದೆ ಜಾಗ ಕೊಟ್ಟರು, ಅದೂ ಜೊತೆಗೆ ಮನೆಯವರಿದ್ದರೆ. ಹೊಸ ಕೆಫೆಗಳನ್ನು ನಾವು ಎಷ್ಟೇ ಆಡಿಕೊಂಡರೂ ಒಂದು ಒಪ್ಪಬೇಕು. ನಾಲ್ಕು ಜನ ಹುಡುಗಿಯರು ಲ್ಯಾಪ್‌ಟಾಪ್ ತೆಗೆದು ಎರಡು ತಾಸು ಆಡಿಟಿಂಗ್ ಓದಿದರೂ ಯಾರೂ “ಯಾಕ್ ಕುಂತೀರಿ” ಅನ್ನದ ಜಾಗ ಈ ಊರಾಗ ಮೊದಲು ಬಹಳ ಇರಲಿಲ್ಲ.

(7/8)
ಹಂಗಾದ್ರ ಈ ಹೊಸ ಕೆಫೆ ಎಲ್ಲಿಂದ ಬಂತು? ಇಲ್ಲೂ ಮನೆಗೆ ಮರಳಿದವರೇ ಇದ್ದಾರೆ. ಸ್ಟಾರ್‌ಬಕ್ಸ್ 1971ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬರೀ ಕಾಫಿ ಬೀಜ ಮಾರುವ ಅಂಗಡಿಯಾಗಿ ಶುರುವಾಯಿತು. 1983ರಲ್ಲಿ ಹೊವಾರ್ಡ್ ಶುಲ್ಟ್ಜ್ ಇಟಲಿಯ ಮಿಲಾನ್‌ಗೆ ಹೋಗಿ ಅಲ್ಲಿನ ಎಸ್ಪ್ರೆಸೊ ಅಂಗಡಿಗಳನ್ನು ನೋಡಿ ಬಂದ ಮೇಲೆಯೇ ‘ಕುಂತು ಕುಡಿಯೋ’ ಯೋಚನೆ ಅಲ್ಲಿ ಬೆಳೆಯಿತು.

ನಮ್ಮಲ್ಲಿ ದಾರಿ ಬೇರೆ. 1942ರ ಕಾಫಿ ಕಾಯ್ದೆ ಪ್ರಕಾರ ಬೆಳೆಗಾರರು ತಮ್ಮ ಬೆಳೆಯನ್ನು ಕಾಫಿ ಬೋರ್ಡಿಗೇ ಕೊಡಬೇಕಿತ್ತು. ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಹೊರಟಾಗ ಕೆಲಸಗಾರರೇ ಎ.ಕೆ. ಗೋಪಾಲನ್ ಬೆಂಬಲದಿಂದ ಸಹಕಾರ ಸಂಘ ಕಟ್ಟಿದರು, 1957ರಲ್ಲಿ, ಬೆಂಗಳೂರಿನಲ್ಲಿ. ಲೋಟ ತೊಳೆದವರು ಮಾಲೀಕರಾದರು. ಮುಂದೆ ಉದಾರೀಕರಣ ಬಂದು, 1996ರ ಹೊತ್ತಿಗೆ ಬೆಳೆಗಾರರಿಗೆ ಎಲ್ಲ ಕಾಫಿಯನ್ನೂ ಮುಕ್ತವಾಗಿ ಮಾರುವ ಹಕ್ಕು ಸಿಕ್ಕಿತು. ಅದೇ ವರ್ಷ ಚಿಕ್ಕಮಗಳೂರು ಬೆಳೆಗಾರರ ಮನೆತನದ ವಿ.ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು, ಕಾಫಿ ಜೊತೆ ಇಂಟರ್ನೆಟ್. ಸ್ಟಾರ್‌ಬಕ್ಸ್ ಟಾಟಾ ಜೊತೆ ಮುಂಬೈಗೆ ಬಂದದ್ದು 2012ರಲ್ಲಿ, ಅಂದರೆ 16 ವರ್ಷ ತಡವಾಗಿ.

ಕಲಬುರಗಿಗೆ ಇನ್ನೊಂದು ಗಾಳಿ ಕೊಲ್ಲಿ ದೇಶಗಳಿಂದ ಬೀಸಿತು. ಕೆಲಸಕ್ಕೆ ಹೋಗಿ ಬಂದವರ ನಾಲಿಗೆ ಕಡಕ್ ‘ಕರಕ್ ಚಾಯ್’, ಹಾಲಿಲ್ಲದ ಸುಲೇಮಾನಿ, ನೆಲದ ಮೇಲೆ ಒಂದೇ ತಾಟಿನ ಸುತ್ತ ಕುಂತು ತಿನ್ನೋ ಮಂದಿ ಊಟ ಎಲ್ಲವನ್ನೂ ಕಲಿತಿದೆ. ತಮಾಷೆ ನೋಡ್ರಿ: ಆ ಕರಕ್ ಚಾಯ್ ಅನ್ನು ಕೊಲ್ಲಿಗೆ ಒಯ್ದವರು ನಮ್ಮ ಉಪಖಂಡದ ಕೆಲಸಗಾರರೇ! ನಮ್ಮ ಚಾ ದುಬೈಗೆ ಹೋಗಿ, ಹೆಸರು ಬದಲಿಸಿಕೊಂಡು, ರೇಟ್ ಹೆಚ್ಚಿಸಿಕೊಂಡು ಮನೆಗೆ ಬಂದಿದೆ.

(8/8)
ಕೊನೆಯ ಫೋಟೊ ಕಮಲಾಪುರದ್ದು. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್, ಈಗ ತಾಲ್ಲೂಕು ಕೇಂದ್ರ. ರಸ್ತೆ ಬದಿ ತಗಡಿನ ಸೂರು, ಉದ್ದನೆ ಬೆಂಚು, ಕುದಿಯೋ ಚಾ, ಬಸಿಯೊಳಗ ಸುರುವಿಕೊಂಡು ಊದಿ ಕುಡಿಯೋ ಹಿರಿಯರು. ಇಲ್ಲಿ ಕಪ್ ಚಾಗೆ ಹತ್ತು ಹದಿನೈದು ರೂಪಾಯಿ. ಸಿಟಿ ಕೆಫೆಯಲ್ಲಿ ಅದರ ಹತ್ತು ಪಟ್ಟು. ಹಾಲು, ಪುಡಿಯ ಖರ್ಚಿನಲ್ಲಿ ಹತ್ತು ಪಟ್ಟು ಫರಕ್ ಇಲ್ಲ. ಉಳಿದದ್ದು ಬಾಡಿಗೆ, ಎಸಿ, ಸಂಬಳ ಮತ್ತು ನಮ್ಮ ಸಮಯ. ಚಾದಂಗಡಿಯವರು ಗಂಟೆಗೆ ಐವತ್ತು ಕಪ್ ಮಾರಿ ಬದುಕಿದರೆ, ಕೆಫೆಯವರು ಒಂದೇ ಟೇಬಲ್ಲಿನಿಂದ ಎರಡು ತಾಸಿನ ಖರ್ಚು ತೆಗೀಬೇಕು. ಅಲ್ಲಿ ನಾವು ಕಾಫಿ ಕೊಳ್ಳೋದಿಲ್ಲ, ಕುರ್ಚಿ ಬಾಡಿಗೆಗೆ ತಗೋತೀವಿ. ಹುಡುಗಿಯರಿಗೆ ನಿರುಮ್ಮಳವಾಗಿ ಕೂರುವ ಕುರ್ಚಿ ಇಷ್ಟು ತುಟ್ಟಿ ಅನ್ನೋದೇ ನನಗೆ ಚುಚ್ಚೋ ಲೆಕ್ಕ. ಹತ್ತು ರೂಪಾಯಿ ಬೆಂಚೂ ಅವರದಾಗಬೇಕು.

ಇನ್ನೊಂದು ಲೆಕ್ಕ. ಕಮಲಾಪುರದ ಕೆಂಪು ಬಾಳೆಗೆ ಜಿಐ ಟ್ಯಾಗ್ ಇದೆ. ಕೆಂಪು ಸಿಪ್ಪೆ, ಒಳಗೆ ಬೆಣ್ಣೆಯಂಥ ತಿರುಳು. ಬೆಳೆಗೆ ಮಾಮೂಲಿ ಬಾಳೆಗಿಂತ ಹೆಚ್ಚು ತಿಂಗಳು ಬೇಕು, ಅದಕ್ಕೇ ತುಟ್ಟಿ. ನಾನು ಕೂತ ಕೆಫೆಗಳ ಮೆನುವಿನಲ್ಲಿ ಬ್ಲೂಬೆರಿ ಶೇಕ್ ಇದೆ, ಕೆಂಪು ಬಾಳೆ ಇಲ್ಲ. ಜಿಐ ಟ್ಯಾಗ್ ಹೆಸರನ್ನು ಕಾಪಾಡುತ್ತದೆ, ಗಿರಾಕಿಯನ್ನು ತಂದುಕೊಡುವುದಿಲ್ಲ. ಗಿರಾಕಿ ಅಂದರೆ ನಾವೇ. ಏಳು ಬೀಜ ಸಮುದ್ರ ದಾಟಿ ಬರುವಾಗ, ಒಂದು ಬಾಳೆಗೊನೆಗೆ 35 ಕಿಲೋಮೀಟರ್ ದೂರ ಆಗಬಾರದು.

ನಿಮ್ಮ ಮನ್ಯಾಗ ಹೊರಗ ಹೋಗಿ ಬಂದೋರು ಯಾವ ರುಚಿ ತಂದರು? ನಿಮ್ಮ ಅವ್ವ, ಅಕ್ಕ ಮೊದಲ ಸಲ ಹೋಟೆಲ್‌ನಾಗ ಕುಂತು ಚಾ ಕುಡಿದಿದ್ದು ಯಾವಾಗ? ಕೇಳಿ ಬಂದು ಕಾಮೆಂಟ್‌ನಾಗ ಬರೀರಿ.

#ಕಲಬುರಗಿ #ಕಮಲಾಪುರ #ಕಲ್ಯಾಣಕರ್ನಾಟಕ #ಚಾ #ಕೆಂಪುಬಾಳೆ #ನಮ್ಮೂರಇತಿಹಾಸ