ಹೊಸ ರೂಪಕ್ಕೆ ಬಂದ ಹಳೆಯ ವಿಡಿಯೋ ಮುಗ್ಗರಿಸುವುದೇಕೆ?

ಇಪ್ಪತ್ತು ವರ್ಷಗಳ ಹಿಂದೆ ಅಮೆರಿಕದಿಂದ ರಜೆಗೆ ಬಂದ ಬಂಧುವೊಬ್ಬರು ಊರಿನ ಯಕ್ಷಗಾನ ಬಯಲಾಟವನ್ನು ತಮ್ಮ ಡಿಜಿಟಲ್ ಕ್ಯಾಮೆರಾದಲ್ಲಿ ಸೆರೆಹಿಡಿದಿದ್ದರು ಎಂದುಕೊಳ್ಳಿ. ಆ ಕಡತ ಹಳೆಯ ಗಣಕದ ಹಾರ್ಡ್ ಡಿಸ್ಕಿನಲ್ಲಿ ಈಗ ಸಿಕ್ಕಿದೆ. ಇಂದಿನ ಫೋನಿನಲ್ಲಿ ಅದು ತೆರೆಯುವುದಿಲ್ಲ. ತಂತ್ರಾಂಶವೊಂದಕ್ಕೆ ಕೊಟ್ಟು ಎಂಪಿ4 ರೂಪಕ್ಕೆ ಪರಿವರ್ತಿಸುತ್ತೀರಿ. ಈಗ ತೆರೆಯುತ್ತದೆ, ಆದರೆ ವೇಷಧಾರಿ ಗಿರಗಿರನೆ ತಿರುಗುವಾಗ ಅಂಚುಗಳಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಮೂಡುತ್ತವೆ. ಮುಖಗಳು ಅಗಲವಾಗಿವೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಚೆಂಡೆಯ ಪೆಟ್ಟು ಮೊದಲು ಕಾಣುತ್ತದೆ, ಸದ್ದು ಆಮೇಲೆ ಕೇಳುತ್ತದೆ.

ಕಡತ ಕೆಟ್ಟಿದೆಯೇ? ಸಾಮಾನ್ಯವಾಗಿ ಇಲ್ಲ. ಇವುಗಳಲ್ಲಿ ಪ್ರತಿಯೊಂದು ದೋಷದ ಹಿಂದೆಯೂ ಯಾವುದೋ ಕಾಲದ ಎಂಜಿನಿಯರುಗಳು ಸಕಾರಣವಾಗಿ ಕೈಗೊಂಡ ಒಂದು ನಿರ್ಧಾರವಿದೆ. ಆ ಚರಿತ್ರೆ ತಿಳಿದರೆ ಪರಿಹಾರವೂ ಹೊಳೆಯುತ್ತದೆ.

ಬಾಚಣಿಗೆಯ ಗೆರೆಗಳು

1930ರ ದಶಕದಲ್ಲಿ ಟೆಲಿವಿಷನ್ ರೂಪಿಸುತ್ತಿದ್ದವರಿಗೆ ಒಂದು ತೊಡಕು ಎದುರಾಯಿತು. ಪರದೆ ಸೆಕೆಂಡಿಗೆ 50–60 ಬಾರಿ ಬೆಳಗದಿದ್ದರೆ ಚಿತ್ರ ಮಿಣುಕುತ್ತದೆ. ಅಷ್ಟು ಪೂರ್ಣ ಚಿತ್ರಗಳನ್ನು ಕಳುಹಿಸಲು ತರಂಗಪಟ್ಟಿಯಲ್ಲಿ ಜಾಗ ಸಾಲದು. ಜರ್ಮನಿಯ ಫ್ರಿಟ್ಸ್ ಶ್ರೋಟರ್, ಅಮೆರಿಕದ ಆರ್‌ಸಿಎ ಸಂಸ್ಥೆಯ ರಾಂಡಲ್ ಬಲ್ಲಾರ್ಡ್ ಮೊದಲಾದವರು ಕಂಡುಕೊಂಡ ಉಪಾಯವೆಂದರೆ ಚಿತ್ರವನ್ನು ಸಾಲುಬಿಟ್ಟು ಸಾಲಿನಂತೆ ಎರಡು ಅರ್ಧಗಳಾಗಿ ಕಳುಹಿಸುವುದು. ಇದೇ ಇಂಟರ್‌ಲೇಸಿಂಗ್. ಅಮೆರಿಕದಲ್ಲಿ ಸೆಕೆಂಡಿಗೆ ಸುಮಾರು 60 ಅರ್ಧಗಳ ಪದ್ಧತಿ ನೆಲೆಗೊಂಡಿತು. ಭಾರತದಲ್ಲಿ 50 ಅರ್ಧಗಳ ಪದ್ಧತಿ ಬಂತು. 1982ರಲ್ಲಿ ನಮಗೆ ಬಣ್ಣದ ಪ್ರಸಾರ ತಂದ ಪಾಲ್ ಪದ್ಧತಿಯೂ ಹೀಗೆಯೇ.

ಪಿಕ್ಚರ್ ಟ್ಯೂಬಿನ ಟಿವಿ ಈ ಅರ್ಧಗಳನ್ನು ಒಂದಾದ ಮೇಲೊಂದರಂತೆ ಬರೆಯುತ್ತಿತ್ತು. ಇಂದಿನ ಪರದೆ ಇಡೀ ಚಿತ್ರವನ್ನು ಒಮ್ಮೆಲೇ ತೋರಿಸುತ್ತದೆ. ಎರಡು ಅರ್ಧಗಳ ನಡುವೆ ವೇಷಧಾರಿ ಚಲಿಸಿರುವುದರಿಂದ ಅಂಚು ಬಾಚಣಿಗೆಯಾಗುತ್ತದೆ. ಪರಿವರ್ತಿಸುವಾಗ ಡಿಇಂಟರ್‌ಲೇಸ್ ಆಯ್ಕೆಯನ್ನು ಬಳಸಿದರೆ ಇದು ಹೋಗುತ್ತದೆ. ಆದರೆ ಅದಕ್ಕೂ ಮೊದಲೇ ಚಿತ್ರದ ಎತ್ತರವನ್ನು ಬದಲಿಸಿದರೆ ಎರಡು ಅರ್ಧಗಳು ಬೆರೆತುಹೋಗುತ್ತವೆ. ಆಮೇಲೆ ಬೇರ್ಪಡಿಸುವುದು ಅಸಾಧ್ಯವೆಂದೇ ಹೇಳಬೇಕು.

ಇನ್ನೊಂದು ಸೂಕ್ಷ್ಮವಿದೆ. 1995ರಲ್ಲಿ ಬಂದ ಡಿವಿ ಕ್ಯಾಮೆರಾಗಳು ಕೆಳಸಾಲಿನ ಅರ್ಧವನ್ನು ಮೊದಲು ದಾಖಲಿಸುತ್ತವೆ. ಬೇರೆ ಹಲವು ರೂಪಗಳಲ್ಲಿ ಮೇಲ್ಸಾಲು ಮೊದಲು. ತಂತ್ರಾಂಶ ಇದನ್ನು ತಪ್ಪಾಗಿ ಊಹಿಸಿದರೆ ಚಲನೆ ಮುಂದೆ ಹೋಗಿ ಹಿಂದೆ ಬಂದಂತೆ ನಡುಗುತ್ತದೆ. ಅರ್ಧಗಳ ಕ್ರಮವನ್ನು ಅದಲುಬದಲು ಮಾಡಿ ಮತ್ತೆ ಪರಿವರ್ತಿಸಬೇಕು.

ಅಗಲವಾದ ಮುಖ

1982ರ ಅಂತಾರಾಷ್ಟ್ರೀಯ ಡಿಜಿಟಲ್ ಮಾನಕವು ಎರಡೂ ಪದ್ಧತಿಗಳಿಗೆ ಸಾಲೊಂದಕ್ಕೆ 720 ಬಿಂದುಗಳನ್ನು ನಿಗದಿಪಡಿಸಿತು. ಆದರೆ ಡಿವಿಯಲ್ಲಿ ಅಮೆರಿಕದ ಚಿತ್ರಕ್ಕೆ 480 ಸಾಲು, ನಮ್ಮದಕ್ಕೆ 576. ಎರಡನ್ನೂ 4:3 ಪರದೆಯಲ್ಲಿ ಕೂರಿಸಬೇಕಾದ್ದರಿಂದ ಬಿಂದುಗಳು ಚೌಕವಾಗಿರಲಿಲ್ಲ. ಗಣಕದ ಬಿಂದು ಚೌಕ. ಈ ವ್ಯತ್ಯಾಸವನ್ನು ಲೆಕ್ಕಿಸದೆ ತೋರಿಸಿದರೆ ಅಮೆರಿಕದ ಕಡತದಲ್ಲಿ ಮುಖ ಅಗಲವಾಗುತ್ತದೆ, ನಮ್ಮ ಕಡತದಲ್ಲಿ ತೆಳ್ಳಗಾಗುತ್ತದೆ. ಹೊಸ ಕಡತದಲ್ಲಿ ಪ್ರದರ್ಶನದ ಅನುಪಾತ 4:3 ಎಂದು ನಮೂದಿಸಿದರೆ ಸಾಕು.

ಹಿಂದೆ ಬೀಳುವ ಸದ್ದು

1953ರಲ್ಲಿ ಅಮೆರಿಕ ಬಣ್ಣದ ಟಿವಿಯ ಮಾನಕವನ್ನು ಒಪ್ಪಿಕೊಂಡಾಗ ಬಣ್ಣದ ಸಂಕೇತವು ಧ್ವನಿಯ ಸಂಕೇತದೊಡನೆ ಸೇರಿ ಚಿತ್ರವನ್ನು ಕೆಡಿಸದಿರಲೆಂದು ವೇಗವನ್ನು ಸೆಕೆಂಡಿಗೆ 30 ಚಿತ್ರಗಳಿಂದ 29.97ಕ್ಕೆ ಇಳಿಸಲಾಯಿತು. ವ್ಯತ್ಯಾಸ ಸಾವಿರದಲ್ಲೊಂದು ಪಾಲು ಮಾತ್ರ. ಆದರೆ ತಂತ್ರಾಂಶ ಅದನ್ನು 30 ಎಂದು ಭಾವಿಸಿ ಧ್ವನಿಯನ್ನು ಹಾಗೆಯೇ ಬಿಟ್ಟರೆ ಅರ್ಧ ಗಂಟೆಗೆ 1.8 ಸೆಕೆಂಡು, ಒಂದು ಗಂಟೆಗೆ 3.6 ಸೆಕೆಂಡು ಅಂತರ ಬೀಳುತ್ತದೆ. ನಮ್ಮ ಚೆಂಡೆಗೆ ಆದದ್ದು ಇದೇ. ನೆನಪಿಡಿ: ಅಂತರ ಬೆಳೆಯುತ್ತ ಹೋದರೆ ವೇಗದ ದೋಷವನ್ನು ಸಂಶಯಿಸಿ; ಆರಂಭದಿಂದ ಕೊನೆಯವರೆಗೆ ಒಂದೇ ಸಮನಾಗಿದ್ದರೆ ಧ್ವನಿಯನ್ನು ಸರಿಸಿದರೆ ಸಾಕು.

ಡಬ್ಬಿ ಮತ್ತು ಅದರೊಳಗಿನ ವಸ್ತು

ಆಪಲ್‌ನ ಕ್ವಿಕ್‌ಟೈಮ್ 1991ರ ಡಿಸೆಂಬರಿನಲ್ಲಿ, ಮೈಕ್ರೋಸಾಫ್ಟ್‌ನ ಎವಿಐ 1992ರ ನವೆಂಬರಿನಲ್ಲಿ ಬಂದವು. ಇವು ಕೇವಲ ಡಬ್ಬಿಗಳು. ಒಳಗಿನ ಚಿತ್ರವನ್ನು ಸಂಕುಚಿಸುವ ಕ್ರಮ, ಅಂದರೆ ಕೋಡೆಕ್, ಸಿನೆಪ್ಯಾಕ್ ಇರಬಹುದು, ಇಂಡಿಯೋ ಇರಬಹುದು, ಡಿವಿಯೂ ಇರಬಹುದು. 2009ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಭದ್ರತೆಯ ಕಾರಣದಿಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಇಂಡಿಯೋ ಬಳಕೆಯನ್ನು ನಿರ್ಬಂಧಿಸಿತು. ಒಳ್ಳೆಯ ಕಡತಗಳೇ ತೆರೆಯದಾದವು! 2000ದಲ್ಲಿ ಫ್ಯಾಬ್ರಿಸ್ ಬೆಲ್ಲಾರ್ಡ್ ಆರಂಭಿಸಿದ ಮುಕ್ತ ತಂತ್ರಾಂಶ ಎಫ್‌ಎಫ್‌ಎಂಪೆಗ್ ಇಂಥ ಅನೇಕ ಹಳೆಯ ಕ್ರಮಗಳನ್ನು ಇಂದಿಗೂ ಓದುತ್ತದೆ. ಡಬ್ಬಿ ಹಳೆಯದಾಗಿದ್ದು ಒಳಗಿನದು ಇಂದಿನ ಸಾಧನಕ್ಕೆ ಒಗ್ಗುವಂತಿದ್ದರೆ ಮರುಸಂಕುಚನ ಬೇಡ, ಡಬ್ಬಿಯನ್ನಷ್ಟೇ ಬದಲಿಸಬಹುದು. ಗುಣಮಟ್ಟ ಕಿಂಚಿತ್ತೂ ಕುಗ್ಗದು.

ಮರಳಿ ಬಾರದ ವಿವರ

ಮರುಸಂಕುಚನದಿಂದ ಆಗುವ ನಷ್ಟವನ್ನು ತಿಳಿಯಲು ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹಮದ್ ಅವರನ್ನು ನೆನೆಯಬೇಕು. ಅಮೆರಿಕದ ಕ್ಯಾನ್ಸಾಸ್‌ನಲ್ಲಿದ್ದಾಗ 1972ರಲ್ಲಿ ಅವರು ಕೋಸೈನ್ ಪರಿವರ್ತನೆಯ ಅಧ್ಯಯನಕ್ಕೆ ಧನಸಹಾಯ ಕೋರಿದರು, ಅದು ದೊರೆಯಲಿಲ್ಲ. ಆದರೂ ಟಿ. ನಟರಾಜನ್, ಕೆ. ಆರ್. ರಾವ್ ಅವರೊಡನೆ 1974ರಲ್ಲಿ ಪ್ರಬಂಧ ಪ್ರಕಟಿಸಿದರು. ಚಿತ್ರದ ಸಣ್ಣ ಚೌಕಗಳನ್ನು ಸ್ಥೂಲ ಮತ್ತು ಸೂಕ್ಷ್ಮ ಏರಿಳಿತಗಳಾಗಿ ಬೇರ್ಪಡಿಸುವ ಈ ಗಣಿತವೇ ವಿಸಿಡಿಯ ಎಂಪೆಗ್-1, ಡಿವಿಡಿಯ ಎಂಪೆಗ್-2, ಡಿವಿಗಳಿಗೆ ಆಧಾರ. 2003ರ ಎಚ್.264 ಕೂಡ ಇದರ ಪೂರ್ಣಾಂಕ ರೂಪವನ್ನೇ ಬಳಸುತ್ತದೆ. ಕಣ್ಣು ಅಷ್ಟಾಗಿ ಗುರುತಿಸದ ಸೂಕ್ಷ್ಮ ವಿವರವನ್ನು ಸಂಕುಚನ ಕೈಬಿಡುತ್ತದೆ. ಬಿಟ್ಟದ್ದು ಮರಳಿ ಬಾರದು. ಪರಿವರ್ತಿಸಿದ ಕಡತವನ್ನೇ ಮತ್ತೆ ಪರಿವರ್ತಿಸಿದರೆ ನಷ್ಟದ ಮೇಲೆ ನಷ್ಟ. ಕೊನೆಗೆ ಮುಖದ ಬಣ್ಣಗಾರಿಕೆಯ ಗೆರೆಗಳ ಜಾಗದಲ್ಲಿ ಚೌಕಗಳು ಉಳಿಯುತ್ತವೆ.

ಆದ್ದರಿಂದ ಪ್ರತಿ ಪ್ರಯತ್ನವೂ ಮೂಲ ಕಡತದಿಂದಲೇ ಆರಂಭವಾಗಲಿ. ಮೊದಲು ಒಳಗಿನ ಕೋಡೆಕ್, ವೇಗ, ಅರ್ಧಗಳ ಕ್ರಮ, ಅನುಪಾತಗಳನ್ನು ತಿಳಿದುಕೊಳ್ಳಿ. ವೇಗದ ಕುಣಿತವಿರುವ ಒಂದು ನಿಮಿಷದ ತುಣುಕನ್ನು ಪರಿವರ್ತಿಸಿ ನೋಡಿ. ಇಡೀ ಕಡತ ಮುಗಿದ ಮೇಲೆ ಕೊನೆಯ ನಿಮಿಷದ ಸದ್ದನ್ನು ಪರೀಕ್ಷಿಸಿ. ಎಲ್ಲವೂ ಸರಿಯಿದ್ದರೂ ಮೂಲವನ್ನು ಅಳಿಸಬೇಡಿ. ಎರಡು ಕಡೆ ಇರಿಸಿ. ಅಂದು ಕುಣಿದ ಕಲಾವಿದರಲ್ಲಿ ಕೆಲವರು ಇಂದು ಇಲ್ಲದಿರಬಹುದು. ಅವರ ಹೆಜ್ಜೆಗೆ ಉಳಿದಿರುವ ಸಾಕ್ಷಿ ಆ ಕಡತವೊಂದೇ.