ವಂಶವಾಹಿ ಚಿಕಿತ್ಸೆ ನಡೆದುಬಂದ ದಾರಿ

ಓಲೆಗರಿಯ ಗ್ರಂಥಗಳನ್ನು ಪರಿಷ್ಕರಿಸಿದವರಿಗೆ ಗೊತ್ತಿರುವ ಸಂಗತಿಯೊಂದುಂಟು. ಲಿಪಿಕಾರ ಒಂದಕ್ಷರ ತಪ್ಪಿದರೆ ಆ ತಪ್ಪು ಪ್ರತಿಯಿಂದ ಪ್ರತಿಗೆ ಇಳಿದು ಬರುತ್ತದೆ. ಮನುಷ್ಯನ ದೇಹದಲ್ಲಿಯೂ ಇಂಥದೇ ಬರಹವಿದೆ. ಅದನ್ನು ಜೀನ್ ಅಥವಾ ವಂಶವಾಹಿ ಎನ್ನುತ್ತಾರೆ. ಅದರಲ್ಲಿನ ಸ್ಖಾಲಿತ್ಯದಿಂದ ಹುಟ್ಟುವ ಅಪರೂಪದ ರೋಗಗಳಿಗೆ ವೈದ್ಯರು ಮದ್ದು ಹುಡುಕಿದ ಬಗೆಯನ್ನು ಕನ್ನಡ ಅಧ್ಯಾಪಕನಾದ ನಾನು ತಿಳಿದಷ್ಟು ಹೇಳುತ್ತೇನೆ.

1990ರ ಸೆಪ್ಟೆಂಬರ್ 14ರಂದು ಅಮೆರಿಕದ ಬೆಥೆಸ್ಡಾದಲ್ಲಿ, ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ, ಅಶಾಂತಿ ಡಿಸಿಲ್ವ ಎಂಬ ನಾಲ್ಕು ವರ್ಷದ ಬಾಲಿಕೆಗೆ ಅಧಿಕೃತ ಅನುಮತಿಯೊಡನೆ ಮೊದಲ ವಂಶವಾಹಿ ಚಿಕಿತ್ಸೆ ನಡೆಯಿತು. ಎಡಿಎ ಎಂಬ ಕಿಣ್ವವನ್ನು ತಯಾರಿಸುವ ವಂಶವಾಹಿ ಆಕೆಯಲ್ಲಿ ಕೆಟ್ಟಿತ್ತು. ಆ ಕಿಣ್ವವಿಲ್ಲದ ಮಗುವಿಗೆ ಸಾಮಾನ್ಯ ಸೋಂಕೂ ಮೃತ್ಯುವಾಗಬಲ್ಲುದು. ಫ್ರೆಂಚ್ ಆಂಡರ್ಸನ್, ಮೈಕೆಲ್ ಬ್ಲೇಸ್ ಮೊದಲಾದ ವೈದ್ಯರು ಆಕೆಯ ರಕ್ತದಿಂದ ಬಿಳಿಯ ಕಣಗಳನ್ನು ತೆಗೆದು, ಪಳಗಿಸಿದ ವೈರಸ್ಸಿನ ಮೂಲಕ ಅವುಗಳೊಳಕ್ಕೆ ಸರಿಯಾದ ವಂಶವಾಹಿಯನ್ನು ಸಾಗಿಸಿ, ಮರಳಿ ದೇಹಕ್ಕೆ ಹರಿಸಿದರು. ಹಳೆಯ ಗರಿಯನ್ನು ತಿದ್ದದೆ, ಶುದ್ಧಪಾಠದ ಗರಿಯೊಂದನ್ನು ಕಟ್ಟಿಗೆ ಸೇರಿಸಿದಂತಾಯಿತು. ಬಾಲಿಕೆ ಬೆಳೆದು ದೊಡ್ಡವಳಾದಳು. ಆದರೆ ಕಿಣ್ವದ ಚುಚ್ಚುಮದ್ದೂ ಜೊತೆಯಲ್ಲಿಯೇ ನಡೆದಿದ್ದುದರಿಂದ ಯಾವುದರ ಫಲವೆಷ್ಟೆಂದು ನಿರ್ಣಯಿಸುವುದು ಕಷ್ಟವಾಯಿತು.

ಉತ್ಸಾಹ ಮಾತ್ರ ಎಚ್ಚರವನ್ನು ಮೀರಿ ಬೆಳೆಯಿತು. 1999ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಯೋಗವೊಂದಕ್ಕೆ ಜೆಸ್ಸಿ ಗೆಲ್ಸಿಂಗರ್ ಎಂಬ 18 ವರ್ಷದ ತರುಣ ತಾನಾಗಿ ಮುಂದೆ ಬಂದ. ರಕ್ತದಲ್ಲಿ ಅಮೋನಿಯಾ ಶೇಖರವಾಗುವ ಅವನ ಕಾಯಿಲೆ ಪಥ್ಯ ಔಷಧಗಳಿಂದ ಹತೋಟಿಯಲ್ಲಿತ್ತು. ಇದೇ ರೋಗದಿಂದ ಸಾಯುವ ಹಸುಳೆಗಳಿಗೆ ನೆರವಾಗಬೇಕೆಂಬುದು ಅವನ ಬಯಕೆ. ಸೆಪ್ಟೆಂಬರ್ 13ರಂದು ಅವನ ಯಕೃತ್ತಿಗೆ ವೈರಸ್ಸನ್ನು ಹರಿಸಿದರು. ದೇಹ ಅದರ ಮೇಲೆ ಉಗ್ರವಾಗಿ ತಿರುಗಿಬಿದ್ದಿತು. 17ರಂದು ಅವನು ತೀರಿಕೊಂಡ. ಹಿಂದೆ ಇಂಥ ಪ್ರಯೋಗದಲ್ಲಿ ಕೋತಿಗಳು ಸತ್ತಿದ್ದವು. ಆ ಸಂಗತಿ ಅವನು ಓದಿ ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲಿರಲಿಲ್ಲವೆಂದು ಆಮೇಲೆ ಬೆಳಕಿಗೆ ಬಂತು. ಪ್ರತಿಗಳನ್ನು ಹೋಲಿಸುವವರು ಬಿಟ್ಟುಹೋದ ಸಾಲನ್ನು ಗುರುತಿಸಿ ತುಂಬಬಲ್ಲರು. ಈ ಸಾಲನ್ನು ತುಂಬುವ ಹೊತ್ತಿಗೆ ಓದುಗನೇ ಇರಲಿಲ್ಲ.

2000ದಲ್ಲಿ ಪ್ಯಾರಿಸ್ಸಿನ ಅಲೇನ್ ಫಿಶರ್ ಮತ್ತು ಅವರ ಸಹೋದ್ಯೋಗಿಗಳು, ರೋಗನಿರೋಧಕ ಶಕ್ತಿಯಿಲ್ಲದೆ ಹುಟ್ಟಿದ ಶಿಶುಗಳು ಈ ಚಿಕಿತ್ಸೆಯಿಂದ ಚೇತರಿಸಿಕೊಂಡುದನ್ನು ಪ್ರಕಟಿಸಿದರು. ಕೆಲವು ವರ್ಷಗಳಲ್ಲಿ ಆ ಪ್ರಯೋಗದ ಕೆಲ ಮಕ್ಕಳಿಗೆ ರಕ್ತದ ಕ್ಯಾನ್ಸರ್ ತಗುಲಿತು. ಒಂದು ಮಗು ಉಳಿಯಲಿಲ್ಲ. ಹೊಸ ಗರಿ ಸೇರಬಾರದ ಎಡೆಯಲ್ಲಿ ಸೇರಿ, ಪಕ್ಕದಲ್ಲಿದ್ದ ವಂಶವಾಹಿಯನ್ನು ಕೆರಳಿಸಿತ್ತು. ವಿಜ್ಞಾನಿಗಳು ತಡೆದು ನಿಂತು, ವೈರಸ್ಸನ್ನು ಬೇರೆ ರೀತಿಯಲ್ಲಿ ರೂಪಿಸಿದರು. 2016ರಲ್ಲಿ ಎಡಿಎ ಕೊರತೆಯ ಚಿಕಿತ್ಸೆಗೆ ಯುರೋಪಿನಲ್ಲಿ ಮನ್ನಣೆ ದೊರೆಯಿತು. ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ತೀವ್ರ ಹಿಮೋಫಿಲಿಯಾ ಇದ್ದ ಐವರಿಗೆ ಇಂಥ ಚಿಕಿತ್ಸೆ ಕೊಟ್ಟ ಮೇಲೆ ರಕ್ತಸ್ರಾವ ಮರುಕಳಿಸಲಿಲ್ಲವೆಂಬ ವರದಿ 2024ರಲ್ಲಿ ಪ್ರಕಟವಾಯಿತು.

ಈ ಚಿಕಿತ್ಸೆಗಾಗಿ ಕನ್ನಡದ ಮನೆಗಳವರು ಕನ್ನಡದ ಒಪ್ಪಿಗೆ ಪತ್ರವನ್ನು ಓದಿ ಸಹಿ ಹಾಕುವ ದಿನ ದೂರವಿರಲಾರದು. ಅದನ್ನು ಬರೆಯುವವರಲ್ಲಿ ನನ್ನದೊಂದೇ ಬಿನ್ನಹ: ತಾಯಿಗೆ ತಿಳಿಯುವ ಮಾತಿನಲ್ಲಿ ಬರೆಯಿರಿ, ಒಂದು ಸಾಲನ್ನೂ ಬಿಡಬೇಡಿ.